ಯಾರ್ರೀ ಹೇಳಿದ್ದು ಇದು ಖರಾಬು ಅಂತ?

ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿಯಲ್ಲಿ 2017ರಲ್ಲೂ 2019ರಲ್ಲೂ ಹೂವೋ ಹೂವು. ಆನ್‌ಸೈಟ್‌ಗೆ ಹೋದ ನಮ್ಮ ಗೆಳೆಯರು ಕಲ್ಲುಕಣಿವೆ ಹತ್ತಿಳಿದು ಫೋಟೋ ಹಾಕಿದ್ದೇ ಹಾಕಿದ್ದು. ಸಂತೋಷ. ಆದ್ರೆ ಅದೇ ಜನ ರೈಲಲ್ಲಿ ನಮ್ಮ ಗಿಣಿಗೇರಾ ದಾಟುವಾಗ ಕಿಟಕಿಯಾಚೆ ನೋಡಿ ಅನ್ನೋದು ಒಂದೇ ಮಾತು: "ಬರೀ ಬಂಡೆ ಮಾರಾಯಾ, ಬೆಂಗಾಡು!"

ಅಲ್ರೀ, ಬಂಡೆ ಅಲ್ಲಿದ್ರೆ ಸೌಂದರ್ಯ, ಇಲ್ಲಿದ್ರೆ ದರಿದ್ರವಾ?

ಈ ರೋಗ ಬ್ಲಾಗಿಗರದ್ದು ಮಾತ್ರ ಅಲ್ಲ ಬಿಡಿ. ಪಹಣಿ ತೆಗೆದು ನೋಡಿ, ಸಾಗುವಳಿಗೆ ಬಾರದ ಕಲ್ಲುಜಾಗಕ್ಕೆ 'ಖರಾಬು' ಅಂತ ಒಂದು ಕಾಲಂ ಇದೆ. 2000ದಲ್ಲಿ ಕೇಂದ್ರ ಸರ್ಕಾರ ಮೊದಲ ಸಲ ಪಾಳುಭೂಮಿಗಳ ನಕಾಶೆ ಪುಸ್ತಕ ತಂದಾಗ ಕುರುಚಲು ಕಾಡು, ಕಲ್ಲುಗುಡ್ಡ ಎಲ್ಲವೂ ಅದರೊಳಗೆ. ನಾನು ಡೇಟಾಬೇಸ್ ಜೊತೆ ಏಗೋ ಮನುಷ್ಯ, ನಂಗೆ ಗೊತ್ತು: ಕಾಲಮ್ಮಿಗೆ ಒಂದ್ಸಲ ತಪ್ಪು ಹೆಸರಿಟ್ರೆ ಆಮೇಲೆ ಬರೋ ಎಲ್ಲಾ ಪ್ರೋಗ್ರಾಮೂ ಅದನ್ನೇ ನಂಬುತ್ತೆ. ಖರಾಬು ಅಂದ್ಮೇಲೆ ಕಲ್ಲು ಒಡೆಯೋಕೆ ಕೊಡು, ಕಾರ್ಖಾನೆಗೆ ಕೊಡು, ಇಲ್ಲಾ 'ಹಸಿರು ಮಾಡ್ತೀವಿ' ಅಂತ ಗಿಡ ನೆಡು. ಹಾಗೆ ಹೊರಗಿಂದ ತಂದು ನೆಟ್ಟ ಬಳ್ಳಾರಿ ಜಾಲಿ ಇವತ್ತು ಹುಲ್ಲನ್ನೂ ಬೆಳೆಯೋಕೆ ಬಿಡ್ತಿಲ್ಲ.

ಖರಾಬಿನಲ್ಲಿ ಏನಿದೆ ಗೊತ್ತಾ? ಗಿಣಿಗೇರಾದಿಂದ ಗಂಗಾವತಿ ಕಡೆ ಹೋಗೋ ರೈಲು ಹತ್ತಿ, ಚಿಕ್ಕಬೆಣಕಲ್‌ನಲ್ಲಿ ಇಳಿದು ಹಿರೇಬೆಣಕಲ್ ಗುಡ್ಡ ಏರಿ. ಮುಂಗಾರು ನಾಲ್ಕು ಸಲ ಬಿದ್ದಿದ್ರೆ ಸಾಕು. ನೆಲಕ್ಕಂಟಿದ ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂವು, ಹಳದಿ ತಂಗಡಿ, ಪೊದೆ ಮೇಲೆ ಬೆಂಕಿ ಹಚ್ಚಿದಂಗೆ ಅಗ್ನಿಶಿಖೆ. ಬಂಡೆ ಮೇಲೆ ಬಿಸಿಲು ಕಾಯೋ ಓತಿಕ್ಯಾತ. ಅದೃಷ್ಟ ಇದ್ರೆ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟು ಆ ಹಕ್ಕಿ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಸ್ವಾಮಿ! ಕರಡಿ ಹಗಲಲ್ಲಿ ಮಲಗೋದು ಈ ಬಂಡೆಗಳ ಸಂದಿನಲ್ಲೇ, ಸಂಜೆ ಆದ್ರೆ ಹುತ್ತ ಒಡೆಯೋಕೆ, ಬಾರೆಹಣ್ಣು ತಿನ್ನೋಕೆ ಹೊರಡುತ್ತೆ. (ಆದ್ದರಿಂದ ಹೊತ್ತು ಮುಳುಗೋ ಮುಂಚೆ ಇಳಿದುಬಿಡಿ, ವೀರಾವೇಶ ಬೇಡ :-)) ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ 400ರಷ್ಟು ಕಲ್ಲುಗೋರಿಗಳು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ ಜಾಗ ಅದು. ಆ ಕಾಲದ ಜನಕ್ಕೆ ಅದು ಖರಾಬು ಅನ್ನಿಸಿರಲಿಲ್ಲ, ತಮ್ಮ ಸತ್ತವರನ್ನ ಅಲ್ಲೇ ಇಟ್ಟರು.

ಹೆಸರು ಬದಲಾದ್ರೆ ಏನಾಗುತ್ತೆ ಅಂತ ಕೇಳ್ತೀರಾ? ಹೊಳೆಯಾಚೆ ದರೋಜಿಯ ಇಂಥದ್ದೇ ಬಂಡೆಗುಡ್ಡಗಳಿಗೆ 1994ರಲ್ಲಿ 'ಕರಡಿಧಾಮ' ಅಂತ ಹೆಸರಿಟ್ಟರು. ಈಗ ಕ್ಯಾಮೆರಾ ಹಿಡಿದು ದೂರದೂರದಿಂದ ಬರ್ತಾರೆ. ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದ ಬಯಲಿಗೂ ತೋಳಗಳ ಪುಣ್ಯದಿಂದ ವನ್ಯಧಾಮದ ಹೆಸರು ಬಂತು. ಕಲ್ಲು ಅದೇ, ಹುಲ್ಲು ಅದೇ.

ಗಿಣಿಗೇರಾ ಸುತ್ತ ಮಾತ್ರ ತಂಗಡಿ ಹೂವು ಮುಟ್ಟಿದ್ರೆ ಬೆರಳು ಕಪ್ಪಾಗುತ್ತೆ. ಕಾರ್ಖಾನೆ ಬೂದಿ. 2025ರ ಫೆಬ್ರವರಿ 24ರಂದು ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ ಕೊಪ್ಪಳ ಪೂರಾ ಬಂದ್ ಆಗಿ, ಗವಿಮಠದ ಸ್ವಾಮಿಗಳೇ ಬೀದಿಗಿಳಿದಿದ್ದರು. ಅವತ್ತು ಎಲ್ಲರೂ ಮಾತಾಡಿದ್ದು ಜನರ ಉಸಿರಿನ ಬಗ್ಗೆ, ಹೊಲದ ಬಗ್ಗೆ. ಸರಿಯೇ. ಗುಡ್ಡದ ಪರವಾಗಿ ಮಾತಾಡೋರು ಯಾರು? ನೋಡಿದವರು ತಾನೇ ಮಾತಾಡಬೇಕು, ನೋಡೋಕೇ ಯಾರೂ ಬರಲ್ವಲ್ಲ!

ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬನ್ನಿ. ನೀರು ತನ್ನಿ, ಸ್ಪೀಕರ್ ಬೇಡ, ಗೋರಿ ಕಲ್ಲು ಮುಟ್ಟಬೇಡಿ. ಹೋಗಿ ಫೋಟೋ ಹಾಕಿ. ಕೆಳಗೆ 'ಬರಡು ಭೂಮಿ' ಅಂತ ಬರೆದ್ರೋ, ಕಾಮೆಂಟಿನಲ್ಲಿ ಜಗಳಕ್ಕೆ ನಾನು ರೆಡಿ.