ಬೇಲೂರಿಗೆ ಹೋಗುವವರು ಅರಸೀಕೆರೆಯಲ್ಲಿ ಇಳಿಯಲಿ

ಕಳೆದ ಚಳಿಗಾಲದಲ್ಲಿ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಸಂಸಾರಸಮೇತ ಬೇಲೂರು, ಹಳೇಬೀಡು ನೋಡಲು ಬಂದಿದ್ದ. ನಸುಕಿನಲ್ಲಿ ಕಾರು ಹತ್ತಿದವರು ಬೇಲೂರಿಗೆ ಮುಕ್ಕಾಲು ಗಂಟೆ, ಹಳೇಬೀಡಿಗೆ ಅರ್ಧ ಗಂಟೆ ಕೊಟ್ಟು, ಹಾಸನದಲ್ಲಿ ಊಟ ಮುಗಿಸಿ, ರಾತ್ರಿಯ ಹೊತ್ತಿಗೆ ಮರಳಿ ಮನೆ ಸೇರಿದ್ದರು. ಅರಸೀಕೆರೆಯ ನಮ್ಮ ಮನೆಗೆ ಬರಲಿಲ್ಲವೆಂದು ನಾನು ಫೋನಿನಲ್ಲಿ ಆಕ್ಷೇಪಿಸಿದಾಗ ಆತ ಕೇಳಿದ್ದು ಒಂದೇ ಮಾತು: ‘ಬರಬಹುದಿತ್ತು ಅಣ್ಣಾ, ಆದ್ರೆ ಅರಸೀಕೆರೇಲಿ ನೋಡೋಕೆ ಏನಿದೆ?’

ನನಗೆ ಸಿಟ್ಟು ಬರಲಿಲ್ಲ. ಹದಿನಾಲ್ಕು ವರ್ಷದವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನಮ್ಮೂರೆಂದರೆ ರೈಲ್ವೆ ಜಂಕ್ಷನ್ನು, ಕೊಬ್ಬರಿ ಮಂಡಿ, ಸುತ್ತ ತೆಂಗಿನ ತೋಟ, ಅಷ್ಟೇ. ಹುಬ್ಬಳ್ಳಿಗೆ ಹೋಗುವವರೂ ಮೈಸೂರಿಗೆ ಹೋಗುವವರೂ ಇಲ್ಲಿ ಗಾಡಿ ಬದಲಿಸುತ್ತಿದ್ದರು. ಊರನ್ನು ಪ್ಲಾಟ್‌ಫಾರಂನಿಂದಲೇ ನೋಡಿ ಹೋಗುತ್ತಿದ್ದರು. ನಾವು ಹುಡುಗರು ಪರೀಕ್ಷೆಗೆ ಓದಲು ಶಿವಾಲಯದ ಮಂಟಪಕ್ಕೆ ಹೋಗುತ್ತಿದ್ದೆವು. ಅಲ್ಲಿ ತಂಪು ಎಂಬುದೊಂದೇ ಕಾರಣ. ಒಂದು ಮಧ್ಯಾಹ್ನ, ಕೈಯಲ್ಲಿ ಚಿತ್ರದ ಪುಸ್ತಕ ಹಿಡಿದ ವಿದೇಶಿಯನೊಬ್ಬ ಮಂಟಪದ ನಡುವೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದ. ನಾವು ನಕ್ಕೆವು. ಆತ ಹೋದ ಮೇಲೆ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೂ ಹಾಗೆಯೇ ಮಲಗಿದೆ. ವರ್ಷಗಟ್ಟಲೆ ಯಾವುದರ ಕೆಳಗೆ ಕುಳಿತು ಬೀಜಗಣಿತ ಉರುಹೊಡೆದಿದ್ದೆನೋ ಆ ಗುಮ್ಮಟದಾಕಾರದ ಭುವನೇಶ್ವರಿಯನ್ನು ಮೊದಲ ಬಾರಿಗೆ ಕಂಡದ್ದು ಅಂದು.

ಆ ಶಿವಾಲಯ 1220ರ ಸುಮಾರಿನದು, ಎರಡನೆಯ ವೀರಬಲ್ಲಾಳನ ಕಾಲದ್ದು. ಹೊಯ್ಸಳರ ಗರ್ಭಗುಡಿ ನಕ್ಷತ್ರಾಕಾರದಲ್ಲಿರುವುದು ಎಲ್ಲರಿಗೂ ಗೊತ್ತು. ಇಲ್ಲಿ ತೆರೆದ ಮುಖಮಂಟಪವೂ ನಕ್ಷತ್ರವೇ. ಇಂಥ ವಿನ್ಯಾಸ ಹೊಯ್ಸಳರಲ್ಲೂ ತೀರ ಅಪರೂಪ. ಅದೇ ಕಾಲದಲ್ಲಿ ಬಲ್ಲಾಳನ ದಂಡನಾಯಕ ರೇಚರಸ ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಇವೆರಡನ್ನು ಸಾವಧಾನವಾಗಿ ನೋಡಲು ಎರಡು ಗಂಟೆ ಸಾಕು. ಆದರೂ ನಮ್ಮ ಊರಿನವರೇ ನೆಂಟರಿಗೆ ಇವನ್ನು ತೋರಿಸುವುದಿಲ್ಲ. ನೇರವಾಗಿ ಬೇಲೂರಿನ ಬಸ್ಸು ಹತ್ತಿಸುತ್ತೇವೆ.

ಆದ್ದರಿಂದ ನನ್ನ ಮೊದಲ ಸಲಹೆ, ಕಾರನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಬನ್ನಿ ಎಂಬುದು. ಬೆಂಗಳೂರಿನಿಂದ ಅರಸೀಕೆರೆಗೆ ಹೆಚ್ಚೆಂದರೆ ಮೂರು ಗಂಟೆಯ ದಾರಿ. ಶಿವಾಲಯ ನೋಡಿ, ಎಂಟು ಕಿ.ಮೀ. ದೂರದ ಹಾರನಹಳ್ಳಿಗೆ ಹೋಗಿಬನ್ನಿ. ಅಲ್ಲಿ 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಆತನ ಸಹೋದರರು ಕಟ್ಟಿಸಿದ ಚೆನ್ನಕೇಶವ ಹಾಗೂ ಸೋಮೇಶ್ವರ ದೇಗುಲಗಳಿವೆ. ಕಟ್ಟಿಸಿದವರು ರಾಜರಲ್ಲ, ಹೆಗ್ಗಡೆಗಳು ಎಂಬುದನ್ನು ಗಮನಿಸಬೇಕು. ಹೊಯ್ಸಳ ನಾಡಿನಲ್ಲಿ ದೇಗುಲ ಕಟ್ಟಿಸುವುದು ಅರಮನೆಯ ಗುತ್ತಿಗೆಯಾಗಿರಲಿಲ್ಲ. ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದ್ದು ಒಬ್ಬ ವರ್ತಕ ಮತ್ತು ಆತನ ಹೆಂಡತಿ. ಹಳೇಬೀಡಿನ ಹೊಯ್ಸಳೇಶ್ವರವನ್ನೇ 1121ರ ಹೊತ್ತಿಗೆ ಕಟ್ಟಿಸಲು ಮುಂದಾದವನು ಕೇತಮಲ್ಲನೆಂಬ ಅಧಿಕಾರಿ. ಈ ನಾಡಿನ ಹಣವಂತರು ಊರೂರಿನಲ್ಲಿ ಪೈಪೋಟಿಗೆ ಬಿದ್ದು ಕಟ್ಟಿಸಿದ್ದನ್ನು ನಾವು ಎರಡು ಊರುಗಳ ಹೆಸರಿಗೆ ಜಮಾ ಮಾಡಿ ಕೈತೊಳೆದುಕೊಂಡಿದ್ದೇವೆ.

ಬಾಣಾವರದ ಮೇಲೆ ಹಾದು ಜಾವಗಲ್ ತಲುಪಿದರೆ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇಗುಲ. ಜಾವಗಲ್ ಎಂದರೆ ಕ್ರಿಕೆಟಿಗ ಶ್ರೀನಾಥ್ ಮಾತ್ರ ನೆನಪಾಗುವವರು ಅವಶ್ಯ ಇಳಿಯಬೇಕು. ಮುಂದೆ ಚಿಕ್ಕಮಗಳೂರು ಜಿಲ್ಲೆಯ ಗಡಿ ದಾಟಿದೊಡನೆ ಬೆಳವಾಡಿ. ಇಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂವರೂ ಒಂದೇ ಸೂರಿನಡಿ ಇದ್ದಾರೆ. ಹೊರಗೋಡೆಯ ಮೇಲೆ ಹಳೇಬೀಡಿನ ಸಂದಣಿಯಿಲ್ಲ. ಬದಲಿಗೆ ಸಾಲುಗಂಬಗಳ ವಿಶಾಲ ಮಂಟಪ. ತಿರುಗಣಿಯಲ್ಲಿ ಕಡೆದಂತಿರುವ ಆ ಕಂಬಗಳ ನಡುವೆ ಕುಳಿತರೆ ಎದ್ದು ಹೋಗಲು ಮನಸ್ಸಾಗದು. ನನ್ನನ್ನು ಕೇಳಿದರೆ, ಇಡೀ ಹೊಯ್ಸಳ ನಾಡಿನಲ್ಲಿ ಸುಮ್ಮನೆ ಕೂರಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಶಿಲ್ಪದ ಸೊಬಗು ಅರಿತವರು ಒಪ್ಪದಿರಬಹುದು.

ಹಳೇಬೀಡನ್ನು ಬೆಳಿಗ್ಗೆ ನೋಡಿ ಮುಗಿಸುವುದು ಪ್ರವಾಸಿ ವಾಹನಗಳ ಪದ್ಧತಿ. ಅದು ತಪ್ಪು. ದೇಗುಲದ ಬಾಗಿಲು ಪೂರ್ವಕ್ಕಿದೆ ನಿಜ. ಆದರೆ ಶಿಲ್ಪಗಳ ಸಂಪತ್ತೆಲ್ಲ ಇರುವುದು ಪಶ್ಚಿಮದ ಗೋಡೆಯ ಮೇಲೆ. ಬೆಳಗಿನ ಹೊತ್ತು ಆ ಗೋಡೆ ನೆರಳಿನಲ್ಲಿರುತ್ತದೆ. ಸಂಜೆ ನಾಲ್ಕರ ನಂತರ ಓರೆಬಿಸಿಲು ಬಿದ್ದಾಗ ಬಳಪದ ಕಲ್ಲಿನಲ್ಲಿ ಕೊರೆದ ಒಂದೊಂದು ಮಣಿಯೂ ಎದ್ದು ನಿಲ್ಲುತ್ತದೆ. ನಡುಹಗಲಿನಲ್ಲಿ ಜಗತಿಯ ಕಲ್ಲು ಕಾದ ಹೆಂಚಾಗುವುದರಿಂದ ಕಾಲುಚೀಲ ಜೊತೆಗಿರಲಿ. ಹಗಲಿನ ಬಿಡುವನ್ನು ಬಸ್ತಿಹಳ್ಳಿಗೆ ಕೊಡಿ. 1133ರ ಪಾರ್ಶ್ವನಾಥ ಬಸದಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ್ದು. ಒಳಗಿನ ಕಂಬಗಳ ಮೆರುಗಿನಲ್ಲಿ ಇಂದಿಗೂ ನಿಮ್ಮ ನೆರಳು ಕಾಣುತ್ತದೆ. ನಡೆದೇ ಹೋಗಬಹುದಾದಷ್ಟು ಹತ್ತಿರವಿದ್ದರೂ ಬಹುಪಾಲು ಜನ ಅಲ್ಲಿಗೆ ಕಾಲಿಡುವುದಿಲ್ಲ. ಹುಲಿಕೆರೆಯ ಮೆಟ್ಟಿಲು ಕೊಳವನ್ನಂತೂ ಕೇಳುವವರೇ ಇಲ್ಲ.

ಬೇಲೂರಿನಲ್ಲಿ ರಾತ್ರಿ ತಂಗಬೇಕು. ಅದು 1117ರಿಂದ ಪೂಜೆ ನಡೆಯುತ್ತಿರುವ ಗುಡಿ; ಸಂಜೆಯ ಮಂಗಳಾರತಿಗೆ ಊರವರು ಬರುವಾಗಲೇ ಅದರ ಜೀವ ತಿಳಿಯುವುದು. ಮದನಿಕೆಯರನ್ನು ನೋಡಲು ಮರುದಿನ ಬೆಳಿಗ್ಗೆ ಬನ್ನಿ. ಗೈಡುಗಳು ಜಕಣಾಚಾರಿಯ ಕಥೆ ಹೇಳುತ್ತಾರೆ, ಕೇಳಿ. ಕಪ್ಪೆ ಚೆನ್ನಿಗರಾಯನ ಕಪ್ಪೆಯನ್ನೂ ನೋಡಿ. ಆ ಮೇಲೆ ಮದನಿಕೆಯರ ಪಾದದ ಬಳಿಯ ಸಣ್ಣ ಅಕ್ಷರಗಳನ್ನು ತೋರಿಸಿ ಎಂದು ಕೇಳಿ. ಜಕಣಾಚಾರಿ ಐತಿಹ್ಯದ ಮನುಷ್ಯ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಶಾಸನದ ಮನುಷ್ಯರು. ತಮ್ಮ ಊರು, ಬಿರುದು ಸಮೇತ ಕಲ್ಲಿನಲ್ಲಿ ಹೆಸರು ಬರೆದಿಟ್ಟವರು. ಕುಶಲಕರ್ಮಿಯ ಹೆಸರು ಉಳಿಯದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಡಿ.ವಿ. ಗುಂಡಪ್ಪನವರು ಈ ಮದನಿಕೆಯರನ್ನೇ ಕುರಿತು ‘ಅಂತಃಪುರಗೀತೆ’ಗಳನ್ನು ರಚಿಸಿದರು. ಮುಕ್ಕಾಲು ಗಂಟೆಯಲ್ಲಿ ನೋಡಿ ಓಡಿದ್ದರೆ ಅವು ಹುಟ್ಟುತ್ತಿರಲಿಲ್ಲ.

ಇಷ್ಟನ್ನು ಪತ್ರಿಕೆಯಲ್ಲಿ ಬರೆಯಲು ಬೇರೊಂದು ಕಾರಣವೂ ಇದೆ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಜನರಿಗೆ ಅದು ಹಬ್ಬವೇ ಆಗಿತ್ತು, ನನಗೂ. ಆದರೆ ಪಟ್ಟಿಯೆಂಬುದಕ್ಕೆ ಒಳಗೆ ಇರುವಂತೆ ಹೊರಗೂ ಇದೆ. ಫಲಕ, ವಾಹನ ನಿಲ್ದಾಣ, ಬೆಳಕು, ಅಧಿಕಾರಿಗಳ ಭೇಟಿ ಎಲ್ಲವೂ ಪಟ್ಟಿಯ ಒಳಗಿನವರತ್ತ ಹರಿಯುವುದು ಸಹಜ. ಹೊರಗುಳಿದ ಗುಡಿಗಳ ಗತಿಯೇನು? ಈ ಹಾದಿಯ ಒಂದು ದೇಗುಲಕ್ಕೆ ಕಳೆದ ವರ್ಷ ಹೋದಾಗ ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಇದ್ದವರು ತೋಟಕ್ಕೆ ಹೋಗಿದ್ದರು. ಒಂದೂವರೆ ಗಂಟೆ ಕಾದೆ. ಅವರದೇನೂ ತಪ್ಪಿಲ್ಲ; ಯಾರೂ ಬಾರದ ಗುಡಿಯ ಮುಂದೆ ದಿನವಿಡೀ ಕೂರಲು ಯಾರಿಗೆ ಸಾಧ್ಯ?

ಪಟ್ಟಿಯ ಒಳಗಿರುವುದಕ್ಕೂ ಬೆಲೆಯಿದೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಮನೆ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅಪ್ಪಣೆಯಿಲ್ಲದೆ ಏನೂ ನಡೆಯದು. ಹಳೇಬೀಡು ಒಂದು ರಾಜಧಾನಿಯ ಅವಶೇಷದ ಮೇಲೆ ಕುಳಿತ ಊರು. ಅಡಿಪಾಯ ತೋಡಿದರೆ ಕೆತ್ತನೆಯ ಕಲ್ಲು ಸಿಗುವ ನೆಲ. ಕಾಯ್ದೆ ಬೇಡವೆನ್ನುವವನು ನಾನಲ್ಲ. ಅದಿಲ್ಲದಿದ್ದರೆ ದೇಗುಲದ ಗೋಡೆಗೆ ಆನಿಸಿಯೇ ವಸತಿಗೃಹಗಳು ಎದ್ದಿರುತ್ತಿದ್ದವು. ಆದರೆ ಮಾಡು ಸೋರುತ್ತಿದ್ದರೂ ಕಾಗದಪತ್ರಕ್ಕೆ ಕಾಯಬೇಕಾದ ಮನೆಯವನಿಗೆ ಪ್ರವಾಸಿ ಕೊಡುವುದೇನು? ಅರ್ಧ ಗಂಟೆ ನಿಂತು ಹೋಗುವ ಕಾರಿನಿಂದ ಆ ಊರಿಗೆ ಒಂದು ಎಳನೀರಿನ ವ್ಯಾಪಾರ, ಹೆಚ್ಚೆಂದರೆ ಎರಡು. ಒಂದು ರಾತ್ರಿ ತಂಗುವವನಿಂದ ಊಟ, ಆಟೊ, ಕೊಠಡಿ, ಬೆಳಗಿನ ಕಾಫಿ ಎಲ್ಲವೂ.

ಸರ್ಕಾರಕ್ಕೆ ದೊಡ್ಡ ಯೋಜನೆಗಳು ಹೊಳೆಯುತ್ತವೆ. ನನ್ನ ಬೇಡಿಕೆ ಚಿಕ್ಕದು. ಬೆಳಗಿನ ರೈಲು ಬಂದ ಹೊತ್ತಿಗೆ ಅರಸೀಕೆರೆ ನಿಲ್ದಾಣದ ಎದುರಿನಿಂದ ಒಂದು ಬಸ್ಸು ಹೊರಡಲಿ. ಜಾವಗಲ್, ಬೆಳವಾಡಿ, ಹಳೇಬೀಡುಗಳಲ್ಲಿ ಸಾವಕಾಶವಾಗಿ ನಿಂತು ಸಂಜೆ ಬೇಲೂರು ಮುಟ್ಟಲಿ. ದಾರಿಯ ಗುಡಿಗಳ ಬಾಗಿಲು ತೆರೆಯಲು ಆಯಾ ಊರಿನ ಒಬ್ಬೊಬ್ಬ ಯುವಕನಿಗೋ ಯುವತಿಗೋ ಸಂಬಳ ಕೊಡಲಿ, ಶಾಸನ ಓದುವುದನ್ನು ಕಲಿಸಲಿ.

ಚಿಕ್ಕಪ್ಪನ ಮಗ ಬರುವ ಡಿಸೆಂಬರಿನಲ್ಲಿ ರೈಲಿನಲ್ಲಿ ಬರುವುದಾಗಿ ಒಪ್ಪಿಕೊಂಡಿದ್ದಾನೆ, ಎರಡು ದಿನಕ್ಕೆ. ಮಕ್ಕಳನ್ನು ಶಿವಾಲಯದ ಮಂಟಪದಲ್ಲಿ ಅಂಗಾತ ಮಲಗಿಸುವುದೆಂದು ನಿಶ್ಚಯಿಸಿದ್ದೇನೆ. ಆ ಬೀಗದ ಕೈ ಈಗ ಯಾರ ಬಳಿ ಇದೆಯೆಂದು ಮಾತ್ರ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.