ಇಂಗ್ಲಿಷಿನ ಅಂಜಿಕೆ

ಕುರುಗೋಡಿನಿಂದ ಬಳ್ಳಾರಿಯ ಕಾಲೇಜಿಗೆ ಬರುವ ತರುಣನೊಬ್ಬನನ್ನು ನಾನು ಬಲ್ಲೆ. ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ಅವನು ನಿಪುಣ. ಆದರೆ ಮೂರು ದಿನದ ರಜೆ ಬೇಡಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲಾರ. ಕಟ್ಟಳೆಗಳನ್ನು ಕಲಿಸಿದ ನಾವು ಭಾಷೆಯನ್ನು ಬಳಸಗೊಡಲಿಲ್ಲ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ರಂಗವೇರಿದ ಬಳ್ಳಾರಿ ರಾಘವರು (1880–1946) ಬಾಳಿದ ಊರಿನಲ್ಲೇ, ಭಾಷೆ ನಾಲಗೆಯ ಮೇಲೆ ಪಳಗಬೇಕೆಂಬುದನ್ನು ಮರೆತೆವೆ?

ನನ್ನ ಮತವಿಷ್ಟು: ತನ್ನ ಹೊಲದ ವಿಷಯ, ದೊಡ್ಡಬಸವೇಶ್ವರನ ತೇರಿನ ವಿಷಯ, ವಾರಕ್ಕೊಂದು ಪುಟ ಅವನು ಬರೆಯಲಿ, ಅಧ್ಯಾಪಕರು ತಿದ್ದಲಿ, ಅದನ್ನೇ ತರಗತಿಯ ಮುಂದೆ ನಿಂತು ಹೇಳಲಿ. ವ್ಯಾಕರಣ ಆ ತಿದ್ದುವಿಕೆಯಲ್ಲೇ ಮನಸ್ಸಿಗೆ ಹತ್ತೀತು. ಕನ್ನಡದಲ್ಲಿ ನೇರವಾಗಿ ಯೋಚಿಸಬಲ್ಲವನು ಇಂಗ್ಲಿಷಿಗೆ ಅಂಜಬೇಕಾಗಿಲ್ಲ. ಅವನ ತಪ್ಪಿಗೆ ನಾವು ನಗದಿದ್ದರೆ ಸಾಕು.