ಒಂದೇ ಊರು, ನಾಲ್ಕು ಸಲ

ಮನೆಯಲ್ಲಿ ಮಕ್ಕಳ ಜೊತೆ ನಾವಾಡುವ ಕನ್ನಡ ಎಂಥದ್ದು, ಗಮನಿಸಿದ್ದೀರಾ? ಬಾ, ತಿನ್ನು, ಹಲ್ಲುಜ್ಜು, ಮಲಗು. ಅದಕ್ಕೇ ಅಜ್ಜಿ ಫೋನಿನಲ್ಲಿ "ನಿನ್ನೆ ಏನ್ ಮಾಡಿದೆ ಪುಟ್ಟಿ?" ಅಂದರೆ ನನ್ನ ಮಗಳು ತಡವರಿಸಿ ಇಂಗ್ಲಿಷಿಗೆ ಜಾರುತ್ತಿದ್ದಳು. ಆಗಿಹೋದದ್ದನ್ನು ಹೇಳುವ ಕನ್ನಡ ಅವಳಿಗೆ ಬೇಕಾಗಿಯೇ ಇರಲಿಲ್ಲ.

ಅದು ಬೇಕಾದದ್ದು ಎಸ್ಟೆಸ್ ಪಾರ್ಕಿನಲ್ಲಿ. ಕೊಲೊರಾಡೊದ ಈ ಪುಟ್ಟ ಬೆಟ್ಟದೂರು ಸುಮಾರು 7,500 ಅಡಿ ಎತ್ತರದಲ್ಲಿದೆ. ಡೆನ್ವರಿನಿಂದ ಒಂದೂವರೆ ಗಂಟೆ ದಾರಿ. ಹೊಸ ಹೊಸ ಊರು ಸುತ್ತುವ ಬದಲು ವರ್ಷದಲ್ಲಿ ನಾಲ್ಕು ಸಲ ಅಲ್ಲಿಗೇ ಹೋದೆವು.

ಜುಲೈನಲ್ಲಿ ಟ್ರೇಲ್ ರಿಡ್ಜ್ ರಸ್ತೆಯಲ್ಲಿ 12,183 ಅಡಿವರೆಗೆ ಏರಿ, ಮಧ್ಯಾಹ್ನದ ಗುಡುಗು ಶುರುವಾಗುವ ಮೊದಲೇ ಇಳಿದೆವು. ಸೆಪ್ಟೆಂಬರ್ ಕೊನೆಗೆ ಆಸ್ಪೆನ್ ಎಲೆಗಳು ಹಳದಿಯಾಗಿದ್ದವು. ಎಲ್ಕ್‌ಗಳು ಊರೊಳಗೇ ಬಂದು ಕೂಗುತ್ತಿದ್ದವು. ಬೆದೆಯ ಕಾಲ, ದೂರದಿಂದಲೇ ನೋಡಬೇಕು. ಜನವರಿಯಲ್ಲಿ ಅದೇ ರಸ್ತೆಯ ಮೇಲ್ಭಾಗ ಹಿಮದಿಂದ ಮುಚ್ಚಿತ್ತು.

ಪ್ರತಿ ಸಲವೂ ಬಿಗ್ ಥಾಂಪ್ಸನ್ ಹೊಳೆಯ ಪಕ್ಕ ಒಂದೇ ಜಾಗದಲ್ಲಿ ಕೂತು, "ಹೋದ ಸಲ ಇಲ್ಲಿ ಏನಿತ್ತು?" ಎಂದು ಕೇಳುತ್ತಿದ್ದೆ. ಮೇ ತಿಂಗಳಲ್ಲಿ ನಾನು ಕೇಳುವ ಮೊದಲೇ ಅವಳೇ ಅಂದಳು: "ಅಮ್ಮಾ, ಹೋದ ಸಲ ಐಸ್ ಇತ್ತು. ಈಗ ತುಂಬಾ ನೀರಿದೆ. ಆಮೇಲೆ ಹೂವು ಇರುತ್ತೆ."

ಇತ್ತು, ಇದೆ, ಇರುತ್ತೆ. ವ್ಯಾಕರಣದ ಪಾಠ ಮಾಡಿರಲಿಲ್ಲ.

ನಿಮ್ಮ ಹತ್ತಿರದ ಬೆಟ್ಟ ಯಾವುದಾದರೂ ಸರಿ, ಅಲ್ಲಿಗೇ ಮತ್ತೆ ಹೋಗಿ. ಪ್ರಶ್ನೆ ಕೇಳಿ, ಉತ್ತರ ನೀವೇ ಹೇಳಿಬಿಡಬೇಡಿ, ಕಾಯಿರಿ. ಆಮೇಲೆ ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿಸಿ. ಈಗ ಹೇಳೋಕೆ ಏನೋ ಇರುತ್ತೆ.